ಸ್ಲ್ಯಾಬಿನ ಮೇಲಿನ ಗೋಡೆಯ ಭಾರ ನಿಜಕ್ಕೂ ಎಲ್ಲಿಗೆ ಇಳಿಯುತ್ತದೆ?

ಕಿರಿಯ ಸಹೋದ್ಯೋಗಿಯೊಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕವನ್ನು ಪರಿಶೀಲಿಸುತ್ತಿದ್ದಾಗ, ಗೋಡೆ ಹೊತ್ತ ಸ್ಲ್ಯಾಬು ನಡುವಿನಲ್ಲಿ ಬಾಗಿದ್ದು ನಂಬಲಾಗದಷ್ಟು ಕಡಿಮೆ ಎಂಬುದು ನನ್ನ ಗಮನಕ್ಕೆ ಬಂತು. ಇಟ್ಟಿಗೆ ಗೋಡೆಯನ್ನು ಅವರು ಶೆಲ್ ಎಲಿಮೆಂಟಿನಿಂದ (ಮಾದರಿಯಲ್ಲಿ ತೆಳು ಫಲಕದಂತೆ ವರ್ತಿಸುವ ತುಣುಕುಗಳಿಂದ) ರೂಪಿಸಿ, ಅದರ ಬುಡವನ್ನು ಸ್ಲ್ಯಾಬಿನ ನೋಡ್‌ಗಳಿಗೆ (ತುಣುಕುಗಳು ಕೂಡುವ ಬಿಂದುಗಳಿಗೆ) ಜೋಡಿಸಿದ್ದರು. ಆ ನೋಡ್‌ಗಳ ಬಲಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಗೋಡೆಯ ಎರಡು ತುದಿಗಳಲ್ಲಿ ಒತ್ತಡವೆಲ್ಲ ಗುಡ್ಡೆಬಿದ್ದಿತ್ತು, ನಡುವೆ ಎಳೆತವಿತ್ತು. ಗೋಡೆಯನ್ನು ಹೊರಬೇಕಾದ ಸ್ಲ್ಯಾಬು ಗೋಡೆಗೇ ಜೋತುಬಿದ್ದಿತ್ತು.

ಇದು ತಂತ್ರಾಂಶದ ದೋಷವಲ್ಲ. ಮೂರು ಮೀಟರ್ ಎತ್ತರದ ಗೋಡೆಯ ಬಿಗಿತ ತೆಳುವಾದ ಸ್ಲ್ಯಾಬಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಮಾದರಿಯಲ್ಲಿ ಗೋಡೆಯೇ ಆಳವಾದ ತೊಲೆಯಾಗಿ ಭಾರವನ್ನು ಆಧಾರಗಳತ್ತ ಸಾಗಿಸುತ್ತದೆ. ನಿಜವಾದ ಇಟ್ಟಿಗೆ ಗೋಡೆಗೆ ಎಳೆತ ತಾಳುವ ಶಕ್ತಿ ತೀರ ಕಡಿಮೆ. ಮೇಲಾಗಿ ಗಾರೆ ಇನ್ನೂ ಹಸಿಯಾಗಿರುವಾಗಲೇ ವರಸೆಯ ಮೇಲೆ ವರಸೆಯಾಗಿ ಆ ಭಾರ ಸ್ಲ್ಯಾಬಿನ ಮೇಲೆ ಕುಳಿತಿರುತ್ತದೆ. ಆದ್ದರಿಂದ ಅಡ್ಡಗೋಡೆಗಳನ್ನು ಎಲಿಮೆಂಟಾಗಿ ಬರೆಯದೆ ರೇಖಾಭಾರವಾಗಿ (ಒಂದು ಗೆರೆಯುದ್ದಕ್ಕೂ ಹರಡಿದ ಭಾರವಾಗಿ) ಕೊಡುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಆ ಭಾರವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. 230 ಮಿ.ಮೀ. ದಪ್ಪ, 3 ಮೀ. ಎತ್ತರದ ಗೋಡೆಗೆ ಎರಡೂ ಬದಿ 12 ಮಿ.ಮೀ. ಪ್ಲಾಸ್ಟರ್ ಇದ್ದು, ಎರಡರ ಸಾಂದ್ರತೆಯನ್ನೂ ಘನ ಮೀಟರಿಗೆ 20 ಕಿಲೋನ್ಯೂಟನ್ ಎಂದು ಹಿಡಿದರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 15.2 ಕಿಲೋನ್ಯೂಟನ್ ಬರುತ್ತದೆ. 4 ಮೀ. ಸ್ಪ್ಯಾನ್ (ಆಧಾರಗಳ ನಡುವಿನ ಅಂತರ), 5 ಮೀ. ಅಗಲದ ಏಕಮುಖ (ಒಂದೇ ದಿಕ್ಕಿನಲ್ಲಿ ಭಾರ ಸಾಗಿಸುವ) ಸ್ಲ್ಯಾಬಿನ ಮೇಲೆ ಸ್ಪ್ಯಾನಿನ ಉದ್ದಕ್ಕೂ ಈ ಗೋಡೆ ನಿಂತಿದ್ದರೆ ಒಟ್ಟು ಭಾರ ಸುಮಾರು 61 ಕಿಲೋನ್ಯೂಟನ್. ಇದನ್ನು ಇಡೀ ಸ್ಲ್ಯಾಬಿಗೆ ಸಮನಾಗಿ ಹರಡಿದರೆ, ಸರಳ ಆಧಾರದ (ತುದಿಗಳು ತಿರುಗಲು ಬಿಟ್ಟ) ಸ್ಥಿತಿಯಲ್ಲಿ, ಮೀಟರ್ ಅಗಲಕ್ಕೆ ಸುಮಾರು 6 ಕಿಲೋನ್ಯೂಟನ್-ಮೀಟರ್ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮ) ಬರುತ್ತದೆ. ಗೋಡೆಯಡಿಯ 2 ಮೀ. ಪಟ್ಟಿಯೇ ಅದನ್ನು ಹೊರುತ್ತದೆಂದು ಹಿಡಿದರೆ ಸುಮಾರು 15. ಗೋಡೆಯ ಭಾರವನ್ನು ಹೀಗೆ ಇಡೀ ಸ್ಲ್ಯಾಬಿಗೆ ಹರಡುವ ಸೌಕರ್ಯವನ್ನು ವಿನ್ಯಾಸ ಸಂಹಿತೆಗಳು ಕೊಟ್ಟಿರುವುದು ಹಗುರವಾದ, ಜಾಗ ಬದಲಿಸಬಹುದಾದ ಪಾರ್ಟಿಷನ್‌ಗಳಿಗೆ. ಯೂರೋಪಿನ ವಿನ್ಯಾಸ ಸಂಹಿತೆಯಾದ ಯೂರೋಕೋಡಿನಲ್ಲಿ ಅದರ ಮಿತಿ ಮೀಟರಿಗೆ 3 ಕಿಲೋನ್ಯೂಟನ್. ನಮ್ಮ ಗೋಡೆ ಅದರ ಐದು ಪಟ್ಟು.

ಮೇಲಿನ ಹಲವು ಅಂತಸ್ತುಗಳನ್ನು ಹೊತ್ತ ಕಾಂಕ್ರೀಟ್ ಗೋಡೆ ಟ್ರಾನ್ಸ್‌ಫರ್ ಸ್ಲ್ಯಾಬಿನ (ಮೇಲಿನ ಭಾರವನ್ನು ಬೇರೆಡೆ ಇರುವ ಆಧಾರಗಳಿಗೆ ಸಾಗಿಸುವ ಸ್ಲ್ಯಾಬಿನ) ಮೇಲೆ ನಿಂತಿದ್ದರೆ ಮಾತು ಬೇರೆ. ಅಲ್ಲಿ ಗೋಡೆಯನ್ನು ಮಾದರಿಯಲ್ಲಿ ಇಡಲೇಬೇಕು. ಸ್ಲ್ಯಾಬಿನ ಮೇಲ್ಮೈಗೆ ತುಸು ಮೇಲೆ ಸೆಕ್ಷನ್ ಕಟ್ (ಒಳಗಿನ ಬಲಗಳನ್ನು ಕೂಡಿಸಿ ಓದಲು ಮಾದರಿಯಲ್ಲಿ ಹಾಕುವ ಕಲ್ಪಿತ ಕೊಯ್ತ) ಹಾಕಿ, ಪ್ರತಿ ಲೋಡ್ ಕೇಸಿಗೂ (ಭಾರದ ಪ್ರತಿ ಸನ್ನಿವೇಶಕ್ಕೂ) ನೇರ ಬಲದ ಜೊತೆಗೆ ಮೊಮೆಂಟನ್ನೂ ಓದಿಕೊಳ್ಳಬೇಕು, ಏಕೆಂದರೆ ಗಾಳಿ ಅಥವಾ ಭೂಕಂಪದ ಬಲ ಬಂದಾಗ ಗೋಡೆಯ ಒಂದು ತುದಿ ಹೆಚ್ಚು ಒತ್ತಿ ಇನ್ನೊಂದು ಹಗುರಾಗುತ್ತದೆ. ಗೋಡೆಯ ಪೂರ್ಣ ಬಿಗಿತದೊಂದಿಗೆ ಒಮ್ಮೆ, ತಗ್ಗಿಸಿದ ಬಿಗಿತದೊಂದಿಗೆ ಇನ್ನೊಮ್ಮೆ ವಿಶ್ಲೇಷಿಸಿ, ಎರಡರಲ್ಲಿ ಪ್ರತಿಕೂಲವಾದುದಕ್ಕೆ ಸ್ಲ್ಯಾಬನ್ನು ವಿನ್ಯಾಸಗೊಳಿಸುವುದು ನನ್ನ ರೂಢಿ. ಅಂತಸ್ತುಗಳು ಒಂದರ ಮೇಲೊಂದು ಏಳುವ ಕ್ರಮವನ್ನೂ ವಿಶ್ಲೇಷಣೆಯಲ್ಲಿ ತರುವುದು ಒಳ್ಳೆಯದು.

ಬಾಗಿಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು: ಲಿಂಟೆಲಿನ ಮೇಲಿನ ಭಾರ ಎರಡೂ ಪಕ್ಕಗಳಲ್ಲಿ ಬಿಂದುಭಾರವಾಗಿ ಇಳಿಯುತ್ತದೆ.

ಗೋಡೆ ಸೇರಿಸುವ ಮೊದಲು ಮತ್ತು ನಂತರ ಆಧಾರಗಳ ಒಟ್ಟು ಪ್ರತಿಕ್ರಿಯೆಯನ್ನು (ಅವು ಮೇಲಕ್ಕೆ ಒತ್ತುವ ಬಲವನ್ನು) ಬರೆದಿಟ್ಟುಕೊಂಡು ಕಳೆದು ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ವ್ಯತ್ಯಾಸ 61 ಬರಬೇಕು. ಸೊನ್ನೆ ಬಂದರೆ ರೇಖಾಭಾರ ಸ್ಲ್ಯಾಬಿಗೆ ತಗುಲಿಯೇ ಇಲ್ಲ. 122ರ ಆಸುಪಾಸು ಬಂದರೆ ಗೋಡೆಯ ಎಲಿಮೆಂಟೂ ಮಾದರಿಯಲ್ಲಿ ಉಳಿದುಕೊಂಡು ಸ್ವಂತ ತೂಕ ಎರಡು ಬಾರಿ ಸೇರಿದೆ.