ಹಿರೇಬೇನೆಯ ಸ್ಯಾಂಪಲ್ ಯಾವ ಕುರಿಯಿಂದ?

ಹೋದ ತಿಂಗಳು ನಮ್ಮ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಒಂದು ಥರ್ಮಕೋಲ್ ಡಬ್ಬಿ ಬಂತು. ಮುಚ್ಚಳ ತೆಗೆದರೆ ಮಂಜುಗಡ್ಡೆಯೆಲ್ಲ ಕರಗಿ ನೀರಾಗಿತ್ತು. ಆ ನೀರಿನಲ್ಲಿ ಮೂರು ಸೀಸೆಗಳು ತೇಲುತ್ತಿದ್ದವು, ಜೊತೆಗಿದ್ದ ಚೀಟಿಯ ಶಾಯಿ ಹರಡಿತ್ತು. ಓದಲು ಸಿಕ್ಕಿದ್ದು ‘ಕುರಿ, ಭೇದಿ, ನಾಲ್ಕು ಸಾವು’ ಎಂಬಷ್ಟೇ. ಕುರಿ ಮೇಕೆಗಳ ಅಂಟುರೋಗವಾದ ಹಿರೇಬೇನೆ ಇರಬಹುದೆಂದು ಪರೀಕ್ಷಿಸಿದೆವು, ಅದರ ವೈರಾಣು ಸಿಗಲಿಲ್ಲ.

“ಹಾಗಾದರೆ ಇದು ಹಿರೇಬೇನೆ ಅಲ್ಲ ಅನ್ನಿ ಸರ್” ಎಂದರು ಕುರಿಗಾರರು ಫೋನಿನಲ್ಲಿ, ನಿರಾಳವಾಗಿ. ಹಾಗೆಂದು ನಾನು ಹೇಳಿರಲಿಲ್ಲ. ಕಳಿಸಿದ್ದು ಯಾವ ಕುರಿಗಳದ್ದು ಎಂದು ವಿಚಾರಿಸಿದೆ. ಹತ್ತು ಹನ್ನೆರಡು ದಿನ ನರಳಿ, ಮೇಲೇಳಲಾರದೆ ಮಲಗಿದವುಗಳದ್ದಂತೆ.

ತಪ್ಪಾಗುವುದು ಅಲ್ಲಿಯೇ. ಹಿರೇಬೇನೆಯ, ಅಂದರೆ ಪಿಪಿಆರ್‌ನ, ವೈರಾಣು ಮನುಷ್ಯರ ದಡಾರದ ವೈರಾಣುವಿಗೆ ಬಂಧು. ಜ್ವರ ಏರಿದ ಮೊದಲ ದಿನಗಳಲ್ಲಿ ಅದು ಕಣ್ಣು, ಮೂಗು, ಬಾಯಿಯ ಸ್ರಾವದಲ್ಲಿ ತುಂಬಿರುತ್ತದೆ. ಆಮೇಲೆ ಪ್ರಾಣಿಯ ದೇಹದಲ್ಲಿ ಅದನ್ನು ಎದುರಿಸುವ ಪ್ರೋಟೀನು, ಅಂದರೆ ಪ್ರತಿಕಾಯ, ಹುಟ್ಟಿ ವೈರಾಣು ಕಡಿಮೆಯಾಗುತ್ತ ಹೋಗುತ್ತದೆ. ನೋಡಲು ಅತಿ ಕೆಟ್ಟ ಸ್ಥಿತಿಯಲ್ಲಿರುವ ಕುರಿಯೇ ಪರೀಕ್ಷೆಗೆ ಅತಿ ಕಡಿಮೆ ಉಪಯೋಗದ ಕುರಿ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿ, ಕಣ್ಣು ಇನ್ನೂ ನೀರಾಡುತ್ತ, ಮೂಗಿನಿಂದ ತಿಳಿ ಸಿಂಬಳ ಇಳಿಯುತ್ತಿರುವ ನಾಲ್ಕೈದನ್ನು ಆರಿಸಿ. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ, ಒಳಗಿನ ಕೆಂಪು ಪೊರೆಯ ಮೇಲೆ ಹತ್ತಿಯ ಕಡ್ಡಿಯನ್ನು ಹೊರಳಿಸಿ. ಮೂಗಿನ ಹೊಳ್ಳೆಯಿಂದ ಇನ್ನೊಂದು ಕಡ್ಡಿ. ಸತ್ತಿದ್ದರೆ ಹೆಣ ಕೆಡುವ ಮೊದಲೇ ಗುಲ್ಮ, ಶ್ವಾಸಕೋಶ, ಕರುಳಿನ ಬಳಿಯ ದುಗ್ಧಗ್ರಂಥಿಗಳ ಚೂರು ಬೇಕು. ಅವು ಬರಬೇಕಾದ್ದು ಮಂಜುಗಡ್ಡೆಯಲ್ಲಿ. ಫಾರ್ಮಲಿನ್‌ನಲ್ಲಿ ಅದ್ದಿ ಕಳಿಸಿದ ಚೂರು ಸೂಕ್ಷ್ಮದರ್ಶಕಕ್ಕೆ ಸರಿ, ವೈರಾಣು ಹುಡುಕುವ ನಮ್ಮ ಪರೀಕ್ಷೆಗಳಿಗೆ ಬರುವುದಿಲ್ಲ.

ಕಣ್ಣಿಗೆ ಕಂಡಿದ್ದನ್ನೇ ನಂಬಬಾರದೇ ಎಂದು ಕೇಳುವವರಿದ್ದಾರೆ. ಬಾಯಿ ಹುಣ್ಣು ನೀಲಿ ನಾಲಿಗೆ ರೋಗದಲ್ಲೂ ಕಾಲುಬಾಯಿ ರೋಗದಲ್ಲೂ ಬರುತ್ತದೆ, ಭೇದಿಗಂತೂ ಜಂತುಹುಳು ಸಾಕು. ಭಾರತದಲ್ಲಿ ಈ ರೋಗ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಆಗ ದನಗಳ ದೊಡ್ಡರೋಗವೂ (ರಿಂಡರ್‌ಪೆಸ್ಟ್) ದೇಶದಲ್ಲಿತ್ತು. ಅಣ್ಣತಮ್ಮಂದಿರಂತಿರುವ ಆ ಎರಡು ವೈರಾಣುಗಳಲ್ಲಿ ಇದು ಯಾವುದು ಎಂದು ಪ್ರಯೋಗಾಲಯವೇ ಹೇಳಬೇಕಿತ್ತು.

ನಾವು ಮಾಡುವುದು ಮುಖ್ಯವಾಗಿ ಎರಡು ಪರೀಕ್ಷೆ. ಎಲೈಸಾಗೆ 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆ ಬೇಕು. ಗುಂಡಿಯ ತಳಕ್ಕೆ ಅಂಟಿಸಿದ ಪ್ರತಿಕಾಯ ವೈರಾಣುವಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದರ ಮೇಲೆ ಇನ್ನೊಂದು ಪ್ರತಿಕಾಯ ಕೂರುತ್ತದೆ, ಕೊನೆಗೆ ಕಿಣ್ವದ ಕೆಲಸದಿಂದ ಬಣ್ಣ ಏಳುತ್ತದೆ. ವೈರಾಣು ಸತ್ತಿದ್ದರೂ ಪ್ರೋಟೀನ್ ಉಳಿದಿದ್ದರೆ ಸಾಕು. ಎರಡನೆಯದಾದ ಆರ್‌ಟಿ-ಪಿಸಿಆರ್ ಬಗ್ಗೆ ಕೋವಿಡ್ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಎಲೈಸಾಗಿಂತ ಸೂಕ್ಷ್ಮ, ಆದರೆ ಅದು ಹುಡುಕುವ ಆರ್‌ಎನ್‌ಎ, ಅಂದರೆ ವೈರಾಣುವಿನ ಆನುವಂಶಿಕ ಎಳೆ, ಬಿಸಿಲಿಗೆ ಮುರಿದುಹೋದರೆ ಅದೂ ಕೈಚೆಲ್ಲುತ್ತದೆ.

ಸುಲಭವೆಂದು ರಕ್ತದ ಸೀರಮ್ ಮಾತ್ರ ಕಳಿಸುವವರೂ ಇದ್ದಾರೆ. ಅದರಲ್ಲಿ ಪ್ರತಿಕಾಯ ಸಿಕ್ಕರೂ ನಾನು ಏನು ಹೇಳಲಿ? ನಮ್ಮ ಲಸಿಕೆ ದುರ್ಬಲಗೊಳಿಸಿದ ಜೀವಂತ ವೈರಾಣು. ಅದರಿಂದ ಹುಟ್ಟಿದ ಪ್ರತಿಕಾಯ ಯಾವುದು, ರೋಗದಿಂದ ಹುಟ್ಟಿದ್ದು ಯಾವುದು ಎಂದು ಈಗಿನ ಪರೀಕ್ಷೆ ಬೇರ್ಪಡಿಸುವುದಿಲ್ಲ. ಲಸಿಕೆ ಹಾಕಿಸಿದ ದಿನಾಂಕವಾದರೂ ಚೀಟಿಯಲ್ಲಿರಲಿ, ಪೆನ್ಸಿಲಿನಲ್ಲಿ ಬರೆದರೆ ನೀರು ಬಿದ್ದರೂ ಅಳಿಸುವುದಿಲ್ಲ.

ಮೂರನೇ ದಿನ ಎರಡನೇ ಡಬ್ಬಿ ಬಂತು. ಮಂಜುಗಡ್ಡೆ ಗಟ್ಟಿಯಾಗಿತ್ತು, ಅದೇ ಹಟ್ಟಿಯಲ್ಲಿ ಹೊಸದಾಗಿ ಜ್ವರ ಬಂದ ಐದು ಕುರಿಗಳ ಕಡ್ಡಿಗಳಿದ್ದವು. ಸಂಜೆಯ ಹೊತ್ತಿಗೆ ನಾಲ್ಕು ಕುರಿಗಳ ಗುಂಡಿಗಳಲ್ಲಿ ಬಣ್ಣ ಎದ್ದಿತ್ತು. ಕುರಿಗಾರರಿಗಿಂತ ಮೊದಲು ಅಲ್ಲಿನ ಪಶುವೈದ್ಯರಿಗೆ ಫೋನ್ ಮಾಡಿದೆ, ಸುತ್ತಲಿನ ಹಟ್ಟಿಗಳಿಗೆ ಬೆಳಿಗ್ಗೆಯೇ ಲಸಿಕೆ ಹೊರಡಲಿ ಎಂದು.