ಅಕ್ಕಿ ಡಬ್ಬದಲ್ಲಿ ವಾಸಿಯಾಗದ ಕಾಯಿಲೆ

ಕಕ್ಕಡ ತಿಂಗಳ ಮಳೆ ಹಿಡಿದುಕೊಂಡರೆ ಮಡಿಕೇರಿಯ ನನ್ನ ರಿಪೇರಿ ಅಂಗಡಿಗೆ ಬರುವ ಎಲ್ಲ ಸಾಮಾನಿಗೂ ಒಂದೇ ಕಾಯಿಲೆ: ‘ನೀರು ಹೋಗಿದೆ ಅಣ್ಣಾ.’ ಕಳೆದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನ ಗೇಮ್ ಕನ್ಸೋಲ್ ತಂದರು. ಕೈಯಲ್ಲಿ ಹಿಡಿದು ಆಡುವಂಥದ್ದು, ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಮಾಲು. ಬಟನ್ ಒತ್ತಿದರೆ ಸ್ಕ್ರೀನ್ ಕಪ್ಪು. ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರಂತೆ. ಬಿಚ್ಚಿ ನೋಡಿದೆ. ನೀರಿನ ಪಸೆಯೂ ಇರಲಿಲ್ಲ, ಎರಡು ಅಕ್ಕಿಕಾಳು ಮಾತ್ರ ಸಿಕ್ಕಿದವು.

ಕೆಟ್ಟಿದ್ದು ಮೆಮೊರಿ ಕಾರ್ಡ್. ಇಂಥ ಅಗ್ಗದ ಕನ್ಸೋಲ್‌ಗಳಲ್ಲಿ ಆಟಗಳಷ್ಟೇ ಅಲ್ಲ, ಇಡೀ ಮಷಿನ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಕೂಡ ಎಷ್ಟೋ ಸಲ ಆ ಕಾರ್ಡಿನಲ್ಲೇ ಇರುತ್ತದೆ. ಹೆಚ್ಚಾಗಿ ಲಿನಕ್ಸ್. ಲೈನ್ ಮೇಲೆ ಮರ ಬಿದ್ದು ಅವರ ಮನೆಯಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಹುಡುಗ ಬ್ಯಾಟರಿಯ ಕೊನೆ ಹನಿವರೆಗೂ ಆಡಿದ್ದ. ಸಿಸ್ಟಮ್ ಕಾರ್ಡಿಗೆ ಏನೋ ಬರೆಯುತ್ತಿದ್ದಾಗಲೇ ಆಫ್ ಆಗಿರಬೇಕು. ಲೆಕ್ಕದ ಪುಸ್ತಕದಲ್ಲಿ ಅರ್ಧ ಸಾಲು ಬರೆದವನ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೆ. ಮತ್ತೆ ಆನ್ ಮಾಡಿದಾಗ ಪುಸ್ತಕ ಓದಲಾಗದೆ ಮಷಿನ್ ಸುಮ್ನೆ ಕೂತಿದೆ.

1989ರಲ್ಲಿ ನಿಂಟೆಂಡೊ ಕಂಪನಿ ತಂದ ಕೈ ಕನ್ಸೋಲ್ ಗೇಮ್ ಬಾಯ್‌ಗೆ ಈ ತಾಪತ್ರಯ ಇರಲಿಲ್ಲ, ಯಾಕೆಂದರೆ ಅದಕ್ಕೆ ಆಪರೇಟಿಂಗ್ ಸಿಸ್ಟಮೇ ಇರಲಿಲ್ಲ! ಒಳಗಿದ್ದದ್ದು 256 ಬೈಟ್‌ನ ಒಂದು ಚಿಕ್ಕ ಪ್ರೋಗ್ರಾಮ್. ಆಟ ಇರುವ ಕಾರ್ಟ್ರಿಡ್ಜ್‌ನಲ್ಲಿ ನಿಂಟೆಂಡೊ ಲೋಗೋ ಸರಿಯಾಗಿದೆಯಾ ಅಂತ ನೋಡುವುದು, ಆಮೇಲೆ ಇಡೀ ಮಷಿನ್ನನ್ನು ಆಟದ ಕೈಗೆ ಒಪ್ಪಿಸುವುದು. ಅಷ್ಟೇ ಕೆಲಸ.

ಈಗ ಹಾಗಾಗುವುದಿಲ್ಲ ಅಲ್ವಾ? ವೈಫೈ, ಡೌನ್‌ಲೋಡ್, ಫ್ಯಾನ್, ಬ್ಯಾಟರಿ, ಬ್ಲೂಟೂತ್ ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಬೇಕು. ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಇದ್ದ ಹಾಗೆ. ಗಿಡ ಎಷ್ಟೇ ಚೆನ್ನಾಗಿರಲಿ, ರೈಟರ್ ಸರಿಯಿಲ್ಲದಿದ್ದರೆ ಫಸಲು ಮನೆಗೆ ಬರುವುದಿಲ್ಲ.

ಬ್ಯಾಟರಿಯನ್ನೇ ನೋಡಿ. 2022ರಲ್ಲಿ ಬಂದ ಕೈ ಕನ್ಸೋಲ್, ಮೊದಲ ಸ್ಟೀಮ್ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್. ಇಡೀ ಮಷಿನ್ 20 ವ್ಯಾಟ್ ಎಳೆದರೆ ಎರಡು ಗಂಟೆ, 10 ವ್ಯಾಟ್ ಎಳೆದರೆ ನಾಲ್ಕು ಗಂಟೆ. ಅದರ ಆಪರೇಟಿಂಗ್ ಸಿಸ್ಟಮ್ ಆದ ಸ್ಟೀಮ್‌ಓಎಸ್‌ನಲ್ಲಿ ಆಟದ ಮಧ್ಯೆಯೇ ಒಂದು ಬಟನ್ ಒತ್ತಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಇದ್ದದ್ದನ್ನು 40ಕ್ಕೆ ಇಳಿಸಬಹುದು, ಚಿಪ್ಪಿಗೆ ಇಷ್ಟೇ ವ್ಯಾಟ್ ಅಂತ ಕಡಿವಾಣ ಹಾಕಬಹುದು. ನಾಳೆ ಕರೆಂಟ್ ಬರುತ್ತೋ ಇಲ್ಲವೋ ಗೊತ್ತಿಲ್ಲದ ನಮ್ಮೂರಿನಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಉಪಯೋಗದ ಬಟನ್ ಅದೇ.

ಎರಡನೆಯದು ನಿದ್ದೆ. ಪವರ್ ಬಟನ್ ಒತ್ತಿದ ಕೂಡಲೇ ಸಿಸ್ಟಮ್ ಆಟವನ್ನು ಇದ್ದಲ್ಲೇ ನಿಲ್ಲಿಸಿ, ಆಟದ ಸದ್ಯದ ಸ್ಥಿತಿ ನೆನಪಿಟ್ಟುಕೊಳ್ಳುವ ರ‍್ಯಾಮ್‌ಗೆ ಮಾತ್ರ ಚೂರು ಕರೆಂಟ್ ಕೊಟ್ಟು, ಉಳಿದದ್ದನ್ನೆಲ್ಲ ಮಲಗಿಸಬೇಕು. ಮತ್ತೆ ಒತ್ತಿದರೆ ಆಟ ಅದೇ ಜಾಗದಿಂದ ಮುಂದುವರಿಯಬೇಕು. ನಿಂಟೆಂಡೊದ ಸ್ವಿಚ್ ಕನ್ಸೋಲ್, ಸ್ಟೀಮ್ ಡೆಕ್ ಎರಡರಲ್ಲೂ ಇದು ಚೆನ್ನಾಗಿದೆ. ಅಂದಹಾಗೆ, ಸ್ವಿಚ್‌ನಲ್ಲಿ ಇರುವುದು ಆಂಡ್ರಾಯ್ಡ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ನಿಂಟೆಂಡೊದವರ ಸ್ವಂತ ಹೊರೈಜನ್. ವಿಂಡೋಸ್ ಹುಟ್ಟಿದ್ದು ಮೇಜಿನ ಮೇಲಿನ ಕಂಪ್ಯೂಟರಿಗಾಗಿ, ಹಾಗಾಗಿ ಅಂಗೈಯಲ್ಲಿ ಅದು ಸ್ವಲ್ಪ ಭಾರ. 2025ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಕೈ ಕನ್ಸೋಲ್ ರಾಗ್ ಎಕ್ಸ್‌ಬಾಕ್ಸ್ ಅಲೈಯಲ್ಲಿ ಡೆಸ್ಕ್‌ಟಾಪನ್ನು ಲೋಡ್ ಮಾಡದೆ ನೇರ ಆಟದ ಪರದೆಗೆ ಹೋಗುವ ದಾರಿ ಮಾಡಿದ್ದು ಅದಕ್ಕೇ.

ಹಾಗಂತ ವಿಂಡೋಸ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಸ್ಟೀಮ್‌ಓಎಸ್ ಲಿನಕ್ಸ್. ವಿಂಡೋಸ್‌ಗೆ ಬರೆದ ಆಟಗಳನ್ನು ಪ್ರೋಟಾನ್ ಎಂಬ ದುಭಾಷಿಯ ಮೂಲಕ ಓಡಿಸುತ್ತದೆ. ಬಹಳಷ್ಟು ಆಟ ಓಡುತ್ತವೆ. ಆದರೆ ಮೋಸ ಹಿಡಿಯುವ ಕಾವಲು ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಒಳಗೇ ಬಿಡುವುದಿಲ್ಲ, ಉದಾಹರಣೆಗೆ ವ್ಯಾಲರಂಟ್. ಅದನ್ನೇ ಆಡುವ ಮಕ್ಕಳಿದ್ದರೆ ಕೊಳ್ಳುವ ಮುಂಚೆ ಕೇಳಿ.

ಅಪ್‌ಡೇಟ್ ವಿಷಯದಲ್ಲಿ ಮಾತ್ರ ಸ್ಟೀಮ್‌ಓಎಸ್‌ಗೆ ನನ್ನ ಓಟು. ಅದರಲ್ಲಿ ಸಿಸ್ಟಮ್‌ಗೆ ಎರಡು ಜಾಗ ಇಟ್ಟಿದ್ದಾರೆ. ಹೊಸದು ಖಾಲಿ ಇರುವ ಜಾಗಕ್ಕೆ ಬರೆದುಕೊಳ್ಳುತ್ತದೆ. ಅರ್ಧದಲ್ಲಿ ನಿಂತರೂ ಹಳೆಯದು ಹಾಗೇ ಇರುತ್ತದೆ, ಅದರಿಂದಲೇ ಆನ್ ಆಗಬಹುದು.

ಆ ಹುಡುಗನ ಕನ್ಸೋಲ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಒಳ್ಳೆಯ ಕಂಪನಿಯ ಎರಡು ಕಾರ್ಡ್ ತರಿಸಿ, ಎರಡಕ್ಕೂ ಸಿಸ್ಟಮ್ ಹಾಕಿಕೊಟ್ಟೆ. ಒಂದು ಮಷಿನ್‌ಗೆ, ಇನ್ನೊಂದು ಮನೆಯ ಬೀರುವಿಗೆ. ಬ್ಯಾಟರಿ ಶೇಕಡಾ 10ಕ್ಕೆ ಬಂದರೆ ಆಟದಿಂದ ಹೊರಬಂದು ಮೆನುವಿನಿಂದಲೇ ಆಫ್ ಮಾಡು ಅಂದೆ. ಹುಡುಗ ತಲೆ ಅಲ್ಲಾಡಿಸಿದ. ಅವನ ಕಣ್ಣೆಲ್ಲ ಹಳೇ ಕಾರ್ಡಿನ ಮೇಲೆ. ‘ಅಂಕಲ್, ನನ್ನ ಸೇವ್ ಗೇಮ್?’

ಅದು ಸಿಗಲಿಲ್ಲ.