ಪದ ಪರಿಚಯ: ಸಿಟ್ರಿಕ್ ಆಸಿಡ್ ಚಕ್ರ

ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿ ಅನ್ನ, ಕಾಯಿ ಅರೆದು ಮಾಡಿದ ಬಂಗುಡೆ ಗಸಿ. ಅನ್ನದ ಪಿಷ್ಟ ಗ್ಲೂಕೋಸ್ ಆಗುತ್ತದೆ, ಮೀನಿನ ಪ್ರೋಟೀನ್ ಒಡೆದು ಅಮೈನೊ ಆಸಿಡ್ ಆಗುತ್ತದೆ, ಕಾಯಿಯ ಎಣ್ಣೆಯಿಂದ ಫ್ಯಾಟಿ ಆಸಿಡ್ ಬರುತ್ತದೆ. ಹೊರಟ ದಾರಿ ಬೇರೆ ಬೇರೆಯಾದರೂ, ಇವುಗಳಿಂದ ಶಕ್ತಿ ತೆಗೆಯುವ ಹೊತ್ತಿಗೆ ಮೂರೂ ಬಂದು ಸೇರುವುದು ಒಂದೇ ಕಡೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ತಿರುಗುತ್ತಲೇ ಇರುವ ಸಿಟ್ರಿಕ್ ಆಸಿಡ್ ಚಕ್ರ ಎಂಬ ರಾಸಾಯನಿಕ ಕ್ರಿಯೆಗಳ ಸರಣಿಗೆ. ಕ್ರೆಬ್ಸ್ ಸೈಕಲ್, ಟಿಸಿಎ ಸೈಕಲ್ ಅಂದರೂ ಇದೇ.

ಪಿಯುಸಿಯಲ್ಲಿ ಬಯಾಲಜಿ ಓದಿದವರು ಇದರ ಎಂಟು ಹಂತಗಳನ್ನು ಬಾಯಿಪಾಠ ಮಾಡಿರುತ್ತಾರೆ, ಪರೀಕ್ಷೆ ಮುಗಿದ ವಾರದಲ್ಲಿ ಮರೆತೂ ಇರುತ್ತಾರೆ. ಹೆಸರು ಮರೆತರೆ ಏನೂ ನಷ್ಟವಿಲ್ಲ. ಆದರೆ 'ಈ ಚಕ್ರವೇ ಎಟಿಪಿ ತಯಾರಿಸುವ ಜಾಗ' ಅನ್ನುವ ಒಂದು ಅರ್ಧಸತ್ಯ ಮಾತ್ರ ತಲೆಯಲ್ಲಿ ಉಳಿದುಬಿಡುತ್ತದೆ. ಎಟಿಪಿ ಅಂದರೆ ಜೀವಕೋಶ ತನ್ನ ಕೆಲಸಗಳಿಗೆ ಖರ್ಚು ಮಾಡುವ ಶಕ್ತಿಯ ಅಣು. ಚಕ್ರ ಒಂದು ಸುತ್ತಿಗೆ ನೇರವಾಗಿ ಕೊಡುವುದು ಒಂದೇ ಒಂದು ಎಟಿಪಿ, ಅಥವಾ ಅದಕ್ಕೆ ಸಮನಾದ ಜಿಟಿಪಿ. ಇಷ್ಟು ದೊಡ್ಡ ಸುತ್ತಾಟಕ್ಕೆ ಇದು ಏನೇನೂ ಸಾಲದು, ಅಲ್ವಾ? ಇದರ ಮುಖ್ಯ ಕೆಲಸ ಬೇರೆ ಇದೆ. ಆಹಾರದಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಂಡು ಮುಂದಿನವರಿಗೆ ದಾಟಿಸುವುದು.

ಗ್ಲೂಕೋಸಿನಲ್ಲಿ 6 ಕಾರ್ಬನ್ ಇರುತ್ತವೆ. ಅದು ಮೊದಲು ಮೂರು ಮೂರು ಕಾರ್ಬನ್ನಿನ ಎರಡು ಪೈರುವೇಟ್‌ಗಳಾಗಿ ಒಡೆಯುತ್ತದೆ. ಇದು ಆಗುವುದು ಮೈಟೊಕಾಂಡ್ರಿಯದ ಹೊರಗೆ. ಪೈರುವೇಟ್ ಒಳಗೆ ಬಂದು ಒಂದು ಕಾರ್ಬನ್ ಕಳೆದುಕೊಂಡು, ಎರಡು ಕಾರ್ಬನ್ನಿನ ಅಸಿಟೈಲ್ ಕೋಎ ಆಗುತ್ತದೆ. ಫ್ಯಾಟಿ ಆಸಿಡ್‌ಗಳೂ ಎರಡೆರಡು ಕಾರ್ಬನ್ನಿನ ತುಂಡುಗಳಾಗಿ ಇದೇ ರೂಪಕ್ಕೆ ಬರುತ್ತವೆ. ಅಮೈನೊ ಆಸಿಡ್‌ಗಳಲ್ಲಿ ಕೆಲವು ಚಕ್ರದ ಮಧ್ಯದಲ್ಲೇ ನುಸುಳುತ್ತವೆ.

ಈ ಎರಡು ಕಾರ್ಬನ್ನಿನ ತುಂಡನ್ನು ಆಕ್ಸಲೋಅಸಿಟೇಟ್ ಎಂಬ ನಾಲ್ಕು ಕಾರ್ಬನ್ನಿನ ಅಣು ಹಿಡಿದುಕೊಳ್ಳುತ್ತದೆ. ಆರು ಕಾರ್ಬನ್ನಿನ ಸಿಟ್ರೇಟ್, ಅಂದರೆ ಸಿಟ್ರಿಕ್ ಆಸಿಡ್‌ನದೇ ರೂಪ, ಹುಟ್ಟುತ್ತದೆ. ಮುಂದೆ ಆರು ಐದಾಗಿ, ಐದು ನಾಲ್ಕಾಗಿ ಇಳಿಯುತ್ತದೆ. ಎರಡು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತವೆ. ಉಳಿದ ನಾಲ್ಕು ಕಾರ್ಬನ್ನಿನ ಅಣು ಇನ್ನಷ್ಟು ರೂಪ ಬದಲಿಸಿ ಕೊನೆಗೆ ಮತ್ತೆ ಆಕ್ಸಲೋಅಸಿಟೇಟ್ ಆಗಿ ನಿಲ್ಲುತ್ತದೆ. ಮೊಸರಿಗೆ ಹೆಪ್ಪು ಇದ್ದ ಹಾಗೆ: ಹಾಕಿದ್ದು ಮುಗಿದು ಹೋಗದೆ, ಮುಂದಿನ ಸಲಕ್ಕೆ ಸಿಗುತ್ತದೆ.

ನಾವು ಬಿಡುವ ಉಸಿರಿನ ಲೆಕ್ಕವೂ ಇಲ್ಲೇ ಇದೆ. ಗ್ಲೂಕೋಸಿನ 6 ಕಾರ್ಬನ್‌ಗಳಲ್ಲಿ 2 ಪೈರುವೇಟ್ ಹಂತದಲ್ಲಿ ಹೋದವು, ಉಳಿದ 4 ಚಕ್ರದ ಎರಡು ಸುತ್ತಿನಲ್ಲಿ. ಒಂದು ತಮಾಷೆ ಏನೆಂದರೆ, ಆಯಾ ಸುತ್ತಿನಲ್ಲಿ ಹೊರಹೋಗುವ ಕಾರ್ಬನ್ ಆಗಷ್ಟೇ ಒಳಗೆ ಬಂದದ್ದಲ್ಲ. ಅದು ಮೊದಲಿನಿಂದ ಇದ್ದ ಆಕ್ಸಲೋಅಸಿಟೇಟಿನದ್ದು. ಹೊಸಬರ ಸರದಿ ಆಮೇಲೆ.

ಈಗ ಎಲೆಕ್ಟ್ರಾನ್ ವಿಷಯ. ಅವನ್ನು ಹೊರುವುದು ಎನ್‌ಎಡಿ, ಎಫ್‌ಎಡಿ ಎಂಬ ಅಣುಗಳು. ಒಂದು ಸುತ್ತಿನಲ್ಲಿ ಇವು ಎಲೆಕ್ಟ್ರಾನ್ ತುಂಬಿಕೊಂಡು 3 ಎನ್‌ಎಡಿಎಚ್, 1 ಎಫ್‌ಎಡಿಎಚ್2 ಆಗುತ್ತವೆ. ಇವು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಪ್ರೋಟೀನುಗಳ ಸಾಲಿಗೆ ಎಲೆಕ್ಟ್ರಾನ್ ಒಪ್ಪಿಸುತ್ತವೆ. ಹೆಚ್ಚಿನ ಎಟಿಪಿ ತಯಾರಾಗುವುದು ಅಲ್ಲಿ. ಒಂದು ಗ್ಲೂಕೋಸಿಗೆ ಒಟ್ಟು 30ರಿಂದ 32 ಎಟಿಪಿ ಎಂಬುದು ಈಗಿನ ಲೆಕ್ಕ. ಹಳೆಯ ಪಠ್ಯಪುಸ್ತಕಗಳಲ್ಲಿ 36, 38 ಅಂತ ಇರುತ್ತದೆ. ಆ ಸಾಲಿನ ತುದಿಯಲ್ಲಿ ನಿಂತು ಎಲೆಕ್ಟ್ರಾನ್ ಸ್ವೀಕರಿಸಿ ನೀರಾಗುವುದು ಆಕ್ಸಿಜನ್. ಚಕ್ರದ ಎಂಟು ಹಂತಗಳಲ್ಲಿ ಒಂದಕ್ಕೂ ನೇರವಾಗಿ ಆಕ್ಸಿಜನ್ ಬೇಡ. ಆದರೂ ಆಕ್ಸಿಜನ್ ಇಲ್ಲದಿದ್ದರೆ ಚಕ್ರ ನಿಲ್ಲುತ್ತದೆ. ಎನ್‌ಎಡಿಎಚ್ ಖಾಲಿಯಾಗಿ ವಾಪಸ್ ಬರದಿದ್ದರೆ ಮುಂದಿನ ಎಲೆಕ್ಟ್ರಾನ್ ಹೊರುವವರು ಯಾರು?

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಅಂಥ ಓಟದಲ್ಲಿ ಈ ಚಕ್ರದ ಪಾಲು ಕಡಿಮೆ. ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್, ಆಮೇಲೆ ಗ್ಲೂಕೋಸನ್ನು ಅವಸರದಲ್ಲಿ ಒಡೆದು ಲ್ಯಾಕ್ಟೇಟ್ ಮಾಡುವ ದಾರಿ, ಇವೇ ಜಾಸ್ತಿ ಕೆಲಸ ಮಾಡುತ್ತವೆ. ಅದೇ ಕೆಸರಿನಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ಬಗ್ಗಿ ನೇಜಿ ನೆಡುವವರ ಮೈ ನಡೆಯುವುದು ಹೆಚ್ಚಾಗಿ ಈ ಚಕ್ರದ ಬಲದಿಂದ.

ಇದನ್ನು 1937ರಲ್ಲಿ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದ ಹಾನ್ಸ್ ಕ್ರೆಬ್ಸ್. ಯಹೂದಿ ಎಂಬ ಕಾರಣಕ್ಕೆ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಬಂದವರು. ಪಾರಿವಾಳದ ಎದೆಯ ಸ್ನಾಯುವನ್ನು ಅರೆದು ಪ್ರಯೋಗ ಮಾಡಿದರು. ಅವರ ಬರಹವನ್ನು 'ನೇಚರ್' ಪತ್ರಿಕೆ ಆಗ ತೆಗೆದುಕೊಳ್ಳಲಿಲ್ಲ. 1953ರಲ್ಲಿ ನೊಬೆಲ್ ಬಂತು.

ಹಾಗಾದರೆ ಸಿಟ್ರಿಕ್ ಆಸಿಡ್ ಇರುವ ಲಿಂಬೆ ಶರಬತ್ತು ಕುಡಿದರೆ ಚಕ್ರ ಜೋರಾಗಿ ತಿರುಗುತ್ತದಾ? ಇಲ್ಲ. ಜೀವಕೋಶ ತನಗೆ ಬೇಕಾದ ಸಿಟ್ರೇಟನ್ನು ತಾನೇ ಮಾಡಿಕೊಳ್ಳುತ್ತದೆ. ಪುನರ್ಪುಳಿಯ ಕಥೆ ಸ್ವಲ್ಪ ಬೇರೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್, ಸಿಟ್ರೇಟಿನಿಂದ ಕೊಬ್ಬು ಕಟ್ಟುವ ಒಂದು ಎನ್‌ಜೈಮನ್ನು ತಡೆಯುತ್ತದೆ. ಇದೇ ನೆಪದಲ್ಲಿ ತೂಕ ಇಳಿಸುವ ಮಾತ್ರೆಗಳು ಬಂದವು. ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ, ಇಂಥ ಮಾತ್ರೆ ತಿಂದ ಕೆಲವರ ಲಿವರ್ ಕೆಟ್ಟ ವರದಿಗಳೂ ಇವೆ. ಸುಮ್ನೆ ಶರಬತ್ತು ಕುಡಿಯಿರಿ, ರುಚಿಗೆ.

ಚಕ್ರಕ್ಕೆ ನಿಜವಾಗಿ ಬೇಕಾದ್ದು ಬಿ ವಿಟಮಿನ್‌ಗಳು. ಎನ್‌ಎಡಿ ಬರುವುದು ನಯಾಸಿನ್‌ನಿಂದ, ಎಫ್‌ಎಡಿ ರೈಬೊಫ್ಲೇವಿನ್‌ನಿಂದ. ಪೈರುವೇಟ್ ಒಳಗೆ ಸೇರುವ ಹಂತಕ್ಕೂ, ಚಕ್ರದಲ್ಲಿ ಐದು ಕಾರ್ಬನ್ ನಾಲ್ಕಾಗುವ ಹಂತಕ್ಕೂ ಥಯಮಿನ್, ಅಂದರೆ ಬಿ1, ಬೇಕೇ ಬೇಕು. ಅದು ಇಲ್ಲದಿದ್ದರೆ ಹೊಟ್ಟೆ ತುಂಬ ಅನ್ನ ಉಂಡರೂ ನರಗಳಿಗೆ, ಹೃದಯಕ್ಕೆ ಶಕ್ತಿ ಸಿಗುವುದಿಲ್ಲ. ಬರೀ ಪಾಲಿಶ್ ಮಾಡಿದ ಅಕ್ಕಿ ಉಣ್ಣುತ್ತಿದ್ದವರನ್ನು ಕಾಡಿದ ಬೆರಿಬೆರಿ ಇದೇ. ಬಿ1 ಇರುವುದು ಹೆಚ್ಚಾಗಿ ಅಕ್ಕಿಯ ತೌಡಿನಲ್ಲಿ, ಮೊಳಕೆಯ ಭಾಗದಲ್ಲಿ. ನಮ್ಮ ಕರಾವಳಿಯಲ್ಲಿ ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುತ್ತಾರಲ್ಲ, ಆ ಬೇಯಿಸುವಾಗ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಅದು ಜಾಸ್ತಿ ಉಳಿಯುತ್ತದೆ.

ವಿಪರೀತ ಕುಡಿಯುವವರ ಮೈಯಲ್ಲಿ ಬಿ1 ಕಡಿಮೆ ಇರುವುದು ಸಾಮಾನ್ಯ. ಅಂಥ ರೋಗಿ ನಿತ್ರಾಣನಾಗಿ ಬಂದಾಗ ಬರೀ ಗ್ಲೂಕೋಸ್ ಏರಿಸಿದರೆ, ಉಳಿದಿದ್ದ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಅದಕ್ಕೇ ಡಾಕ್ಟರುಗಳು ಗ್ಲೂಕೋಸಿಗೆ ಮೊದಲು, ಇಲ್ಲವೇ ಅದರ ಜೊತೆಗೇ, ಥಯಮಿನ್ ಇಂಜೆಕ್ಷನ್ ಕೊಡುತ್ತಾರೆ.